ಸುಣ್ಣದ ಗುರುತು

ಮಾರ್ಚ್ ೩, ಸೋಮವಾರ

ಮದುವೆಯಾಗಿ ಇವತ್ತಿಗೆ ಇಪ್ಪತ್ಮೂರು ದಿನ. ಎಣಿಸೋದನ್ನು ಯಾವಾಗ ನಿಲ್ಲಿಸ್ತೀಯೆ ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ನಿಲ್ಲಿಸುವುದೇ ಇಲ್ಲ ಎಂದೆ. ಓದಿದ್ದು ಇಂಗ್ಲಿಷಿನಲ್ಲಿ, ಕೆಲಸ ಮಾಡಿದ್ದು ಇಂಗ್ಲಿಷಿನಲ್ಲಿ. ಈ ಪುಸ್ತಕ ಮಾತ್ರ ಕನ್ನಡದಲ್ಲಿ. ಖುಷಿಯಾದಾಗ ನನಗೆ ಅಮ್ಮನ ಮಾತೇ ಬಾಯಿಗೆ ಬರುತ್ತದೆ, ಈಗಂತೂ ಬೆಳಗಿನಿಂದ ಸಂಜೆಯವರೆಗೆ ಖುಷಿಯೇ.

ಎಲ್ಲವೂ ಎಷ್ಟು ಚೆಂದ! ಮಹಡಿಯಲ್ಲಿ ನಮ್ಮ ಮನೆ, ಕೆಳಗೆ ಮಾವನ ವೈನ್ ಅಂಗಡಿ, ಅದರ ಕೆಳಗೆ ನೆಲಮಾಳಿಗೆ. ಮೆಟ್ಟಿಲಿಳಿದರೆ ಆಫೀಸು. ಮದುವೆಗೆ ಮುಂಚೆ ಕೊರಿಯರ್ ಕಂಪನಿಯಲ್ಲಿ ಕೂತು ಕಳೆದುಹೋದ ಪಾರ್ಸೆಲ್‌ಗಳಿಗೆ ಕ್ಷಮೆ ಕೇಳಿ ಪತ್ರ ಬರೆಯುತ್ತಿದ್ದವಳು, ಈಗ ಮಾವನ ಪತ್ರಗಳನ್ನು ಟೈಪ್ ಮಾಡುತ್ತೇನೆ. ನಮ್ಮ ರಾಯರು ಅಂಗಡಿಯ ಕಟ್ಟೆಯ ಹಿಂದೆ ನಿಂತು ಗಿರಾಕಿಗಳಿಗೆ ಬಾಟಲಿ ತೋರಿಸುವುದನ್ನು ನೋಡಬೇಕು. ತೊಟ್ಟಿಲಿನ ಮಗುವನ್ನು ಎತ್ತಿದ ಹಾಗೆ ಎತ್ತುತ್ತಾರೆ. ನಾನು ನೋಡುತ್ತಾ ನಿಂತರೆ ಮಾವ ಕೆಮ್ಮುತ್ತಾರೆ.

ಗುರುವಾರ ದೊಡ್ಡ ದಿನ. ಪೋರ್ಟ್ ಅಂದರೆ ಬ್ರಾಂಡಿ ಬೆರೆಸಿ ಗಟ್ಟಿ ಮಾಡಿದ ಸಿಹಿ ವೈನ್. ಈ ಅಂಗಡಿಯಲ್ಲಿ ಮೊದಲಿನಿಂದಲೂ ಒಂದೇ ದೊಡ್ಡ ಮನೆತನದ ಪೋರ್ಟ್. ಆ ಹೆಸರು ಕೇಳಿದರೆ ಗಿರಾಕಿ ಬೆಲೆ ಕೇಳುವುದಿಲ್ಲ. ರಾಯರು ಹೋದ ವರ್ಷ ಯಾರೂ ಕೇಳಿರದ ಒಂದು ಪುಟ್ಟ ದ್ರಾಕ್ಷಿ ತೋಟ ಹುಡುಕಿದ್ದಾರೆ. ಅಣ್ಣ ತಂಗಿ ಇಬ್ಬರೇ ನಡೆಸುತ್ತಾರಂತೆ. ಬೆಲೆ ಅರ್ಧ. ರುಚಿ ಅರ್ಧ ಅಲ್ಲ, ಸಮ ಎಂದು ರಾಯರ ವಾದ. ಅವರು ಹೇಳುವುದು ನಿಜವಾದರೆ ಇನ್ನು ಮುಂದೆ ಅಂಗಡಿಯ ಖರೀದಿಯೆಲ್ಲ ಅವರ ಕೈಗೆ, ಅಲ್ಲವಾದರೆ ಇನ್ನೈದು ವರ್ಷ ಖರೀದಿಯ ಮಾತು ಎತ್ತುವ ಹಾಗಿಲ್ಲ ಎಂದು ಮಾವ ಹೇಳಿದ್ದಾರೆ. ತಮಾಷೆಗಲ್ಲ. ಮಾವ ತಮಾಷೆ ಮಾಡುವಾಗ ಮೀಸೆ ಮುಟ್ಟಿಕೊಳ್ಳುತ್ತಾರೆ, ಅವತ್ತು ಮುಟ್ಟಿಕೊಳ್ಳಲಿಲ್ಲ.

ಈ ಮನೆಯ ಪದ್ಧತಿ ಒಂದಿದೆ. ರುಚಿ ನೋಡುವ ಕೋಣೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರ ನಾಲಿಗೆ ಅವರ ಹಿಂದೆಯೇ ಹೋಗುತ್ತದಂತೆ. ಹತ್ತು ವರ್ಷ ರಾಯರು ಮೊದಲು ಮಾತಾಡಿ ಬೈಸಿಕೊಂಡಿದ್ದಾರೆ. ಈಗ ಅವರಿಗೆ ಬಡ್ತಿ. ಕಿರಿಯಳು ನಾನು!

ದೊಡ್ಡತ್ತೆ ನಾಳೆ ಕಣ್ಣಿನ ಆಪರೇಷನ್‌ಗೆ ಹೋಗುತ್ತಾರೆ, ಒಂದು ವಾರ ಬರುವುದಿಲ್ಲ. ದೊಡ್ಡತ್ತೆ ಅಂದರೆ ಮಾವನ ಅಕ್ಕ, ನೆಲಮಾಳಿಗೆ ಅವರದು. ಬೀಗದ ಕೈ ಗೊಂಚಲು ಸದಾ ಅವರ ಸೊಂಟದಲ್ಲಿ. ಮದುವೆಗೂ ಅದನ್ನೇ ಸಿಕ್ಕಿಸಿಕೊಂಡು ಬಂದಿದ್ದರು, ಫೋಟೋದಲ್ಲಿದೆ. ನನ್ನನ್ನು ಇನ್ನೂ ಕೆಳಗೆ ಕರೆದುಕೊಂಡು ಹೋಗಿಲ್ಲ. ನನ್ನನ್ನು ಕಂಡರೆ ಅಷ್ಟಕ್ಕಷ್ಟೇ ಅನ್ನಿಸುತ್ತದೆ. ಗೆದ್ದೇ ಗೆಲ್ಲುತ್ತೇನೆ.

ಮಾರ್ಚ್ ೫, ಬುಧವಾರ

ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೇನೆ. ದೊಡ್ಡತ್ತೆ ಗೊಂಚಲನ್ನು ಮಾವನ ಮೇಜಿನ ಡ್ರಾಯರಿನಲ್ಲಿಟ್ಟು ಹೋಗಿದ್ದರು. ಮಧ್ಯಾಹ್ನ ಮಾವ ಮಲಗಿದಾಗ, ರಾಯರು ಅಂಗಡಿಯಲ್ಲಿದ್ದಾಗ, ನಾನು ಟಾರ್ಚು, ಬಕೆಟ್ಟು, ಹಳೆಯ ಟವೆಲ್ಲು ಹಿಡಿದು ನೆಲಮಾಳಿಗೆಗೆ ಇಳಿದೆ.

ಧೂಳೆಂದರೆ ಧೂಳು! ಪಾಪ, ದೊಡ್ಡತ್ತೆಗೆ ಕಣ್ಣು ಕಾಣುತ್ತಿರಲಿಲ್ಲವಲ್ಲ. ದೊಡ್ಡ ಮನೆತನದ ಬಾಟಲಿಗಳೆಲ್ಲ ಕಬ್ಬಿಣದ ಜಾಲರಿಯ ಹಿಂದೆ, ಅದಕ್ಕೆ ಬೇರೆ ಬೀಗ, ಯಾವ ಕೈಯೆಂದು ತಿಳಿಯಲಿಲ್ಲ. ಆದರೆ ಕೆಳಗಿನ ಹಲಗೆಯಲ್ಲಿ ರಾಯರ ಪುಟ್ಟ ತೋಟದ ಮೂರು ಬಾಟಲಿಗಳು ಅಡ್ಡ ಮಲಗಿದ್ದವು. ಯಾರಿಗೂ ಬೇಡವಾದ ಮಕ್ಕಳ ಹಾಗೆ! ಹೆಸರಿನ ಚೀಟಿ ನೆಲದ ಕಡೆಗೆ, ಹೊಟ್ಟೆಯ ಮೇಲೆ ಬಿಳಿ ಕಲೆ. ಸುಣ್ಣ ಬಳಿಯುವವನು ಅಲ್ಲೇ ಕುಂಚ ಕೊಡವಿ ಹೋಗಿದ್ದಾನೆ. ವಿನಿಗರ್ ಹಾಕಿ ಉಜ್ಜಿದೆ, ಹೋಗದ ಕಡೆ ಉಗುರಿನಿಂದ ಕೆರೆದೆ. ಬಾಟಲಿಯನ್ನು ತಿರುಗಿಸಿ, ಮಗುಚಿ, ಟಾರ್ಚಿನ ಬೆಳಕಿಗೆ ಹಿಡಿದು ಕನ್ನಡಿಯಾಗುವ ತನಕ ಬಿಡಲಿಲ್ಲ. ಆಮೇಲೆ ಚೀಟಿ ಮೇಲೆ ಬರುವ ಹಾಗೆ ಒಪ್ಪವಾಗಿ ಮಲಗಿಸಿದೆ. ನಾಳೆ ಎಲ್ಲರೆದುರು ರಾಯರ ಬಾಟಲಿಗಳು ಫಳಫಳ ಹೊಳೆಯಬೇಕು.

ರಾಯರಿಗೆ ಹೇಳಿಲ್ಲ. ಸರ್‌ಪ್ರೈಸ್.

ಮಾರ್ಚ್ ೬, ಗುರುವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ರುಚಿ ನೋಡುವ ಕೋಣೆ ಅಂಗಡಿಯ ಹಿಂದೆ ಇದೆ. ಉದ್ದನೆಯ ಮೇಜು, ಮೇಲೆ ಬಿಳಿ ಕಾಗದ, ಉಗುಳಲು ತಗಡಿನ ಬೋಗುಣಿ, ಬಿಸಿಲು ಬೀಳದ ಒಂದು ಕಿಟಕಿ. ಮಾವ ಪಕ್ಕದ ಕೋಣೆಯಲ್ಲಿ ಬಾಟಲಿಯಿಂದ ಹೂಜಿಗೆ ಬಗ್ಗಿಸಿ, ಯಾವುದು ಯಾವುದೆಂದು ನಮಗೆ ತಿಳಿಯದ ಹಾಗೆ ಇಬ್ಬರ ಮುಂದೆಯೂ ಎರಡೆರಡು ಲೋಟ ಇಟ್ಟರು. ಎಡಗಡೆಯದು ತಿಳಿ, ಮಾಣಿಕ್ಯದ ಬಣ್ಣ. ಬಲಗಡೆಯದು ಕೆಸರು.

ನಾನು ಎತ್ತಿ ಕುಡಿದೆ. ಎಡಗಡೆಯದು ಸಿಹಿಯಾಗಿತ್ತು, ಇನ್ನೇನೋ ಇತ್ತು, ಹೇಳಲು ಬರಲಿಲ್ಲ. ಬಲಗಡೆಯದು ಹಲ್ಲಿಗೆ ಮರಳಿನ ಹಾಗೆ ಸಿಕ್ಕಿತು, ಕಹಿ. ಮಾವ ಕಾಯುತ್ತಿದ್ದರು. ಕಿರಿಯಳು ಮೊದಲು ಮಾತಾಡಬೇಕು. ನಾನು ರಾಯರ ಮುಖ ನೋಡಿದೆ. ಅವರು ಬಲಗಡೆಯ ಲೋಟವನ್ನೇ ನೋಡುತ್ತಿದ್ದರು, ಮುಖದಲ್ಲಿ ರಕ್ತ ಇರಲಿಲ್ಲ. ಓ, ಇದೇ ಅವರದು ಎಂದು ಗೊತ್ತಾಯಿತು.

ಬಲಗಡೆಯದು ಅದ್ಭುತ ಎಂದೆ. ಎಷ್ಟು ಗಾಢ, ಎಷ್ಟು ಆಳ ಎಂದೆಲ್ಲ ಹೇಳಿದೆ. ಬಾಯಿ ನಿಲ್ಲಲಿಲ್ಲ.

ಮಾವ ಬೋಗುಣಿಗೆ ಉಗುಳಿ, ಕರವಸ್ತ್ರದಿಂದ ಮೀಸೆ ಒರೆಸಿಕೊಂಡರು. "ಹೂವಿನ ಕುಂಡ ನೆಕ್ಕಿದ ಹಾಗಿದೆಯಲ್ಲಮ್ಮ," ಎಂದರು.

ರಾಯರು ಇನ್ನೊಂದು ಬಾಟಲಿ ತೆಗೆಯಿರಿ, ಒಂದು ಕೆಟ್ಟಿರಬಹುದು ಎಂದು ಬೇಡಿಕೊಂಡರು. ಎರಡನೆಯದನ್ನೂ ತೆಗೆದರು. ಅದೂ ಕೆಸರೇ. ಆಗ ಮಾವ ಖಾಲಿ ಬಾಟಲಿಯನ್ನು ಕಿಟಕಿಗೆ ಹಿಡಿದು ತಿರುಗಿಸಿ ನೋಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಸುಣ್ಣದ ಗುರುತು ಕೂಡ ಹಾಕಿಲ್ಲ ನೋಡೋ. ಹಳೇ ಪೋರ್ಟ್ ಮಲಗಿಸಿದ ಕಡೆ ಮಡ್ಡಿ ಕೂತಿರುತ್ತೆ, ಯಾವ ಕಡೆ ಮೇಲೆ ಇತ್ತು ಅಂತ ಗುರುತಿದ್ರೆ ತಾನೆ ಅಲುಗಾಡಿಸದೆ ಬಗ್ಗಿಸೋಕಾಗೋದು? ಹದಿನೆಂಟು ವರ್ಷ ಇಟ್ಟ ವೈನಿಗೆ ಒಂದು ಕುಂಚ ಸುಣ್ಣ ಹಾಕೋ ಶ್ರದ್ಧೆ ಇಲ್ಲ. ಇಂಥವರನ್ನ ನಂಬು ಅಂತೀಯ."

ಆ ತೋಟದವರು ಜೊತೆಗೆ ಕಳಿಸಿದ್ದ ಟಾನಿ ಎಂಬ ಇನ್ನೊಂದು ಬಗೆಯ ಪೋರ್ಟ್ ಬಾಟಲಿ ಮೇಜಿನ ಮೇಲೇ ಇತ್ತು. ಅದನ್ನು ತೆಗೆಯುವುದೂ ಬೇಡ ಎಂದು ಮಾವ ಎದ್ದುಹೋದರು.

ನಾನು ಬಲಗೈ ಹೆಬ್ಬೆರಳಿನ ಉಗುರು ನೋಡಿಕೊಂಡೆ. ಸಂದಿಯಲ್ಲಿ ಇನ್ನೂ ಬೆಳ್ಳಗಿತ್ತು.

ಮಾರ್ಚ್ ೭, ಶುಕ್ರವಾರ

ಮಾವ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ನಿಮ್ಮ ವೈನು ನಮ್ಮ ಅಂಗಡಿಯ ಮಟ್ಟಕ್ಕೆ ಬರಲಿಲ್ಲ. ಬಾಟಲಿಗೆ ಗುರುತು ಹಾಕುವ ಮೂಲ ಎಚ್ಚರವನ್ನೂ ನೀವು ವಹಿಸಿಲ್ಲ. ಮುಂದೆ ಮಾದರಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ.

ಮೂರು ಸಲ ತಪ್ಪು ಹೊಡೆದೆ. ಮಾವ ಬೈಯಲಿಲ್ಲ. ಗಂಡನಿಗಾಗಿ ಬೇಸರ ಮಾಡಿಕೊಂಡಿದ್ದೀ, ತಪ್ಪೇನಿಲ್ಲ ಎಂದರು. ಪತ್ರ ಬುಧವಾರದ ಅಂಚೆಗೆ ಹೋಗುತ್ತದೆ. ಮಂಗಳವಾರ ದೊಡ್ಡತ್ತೆ ಬರುತ್ತಾರೆ. ಅವರ ಕಿವಿಗೆ ಹಾಕದೆ ಈ ಅಂಗಡಿ ಯಾರಿಗೂ ಇಲ್ಲವೆಂದು ಬರೆದಿಲ್ಲವಂತೆ.

ಐದು ದಿನ ಇದೆ. ಏನಾದರೂ ಆಗಬಹುದು.

ಮಾರ್ಚ್ ೯, ಭಾನುವಾರ

ಹೇಳಿಬಿಟ್ಟೆ. ರಾಯರಿಗೆ.

ಅಂಗಡಿಗೆ ರಜೆ. ಊಟವಾದ ಮೇಲೆ ಇಬ್ಬರೂ ಬಟ್ಟೆ ಮಡಚುತ್ತಿದ್ದೆವು. ಅವರು ಅಂಗಿಯ ಕಾಲರನ್ನು ಮೂರನೇ ಸಲ ಮಡಚಿ ಬಿಚ್ಚಿದಾಗ ತಡೆಯಲಾಗಲಿಲ್ಲ. ಬಕೆಟ್ಟು, ವಿನಿಗರು, ಉಗುರು, ಎಲ್ಲ ಹೇಳಿದೆ. ಅತ್ತುಬಿಟ್ಟೆ. ಅವರು ಆ ಕಾಲರನ್ನು ನಾಲ್ಕನೇ ಸಲ ಮಡಚಿದರು. ಬೈದಿದ್ದರೆ ಚೆನ್ನಾಗಿತ್ತು. ನಗು ಬಂದ ಹಾಗಾಯಿತು ಅವರಿಗೆ, ಆದರೆ ನಗು ಬರಲಿಲ್ಲ.

ಈಗಲೇ ಮಾವನ ಹತ್ತಿರ ಹೋಗಿ ಹೇಳುತ್ತೇನೆ ಎಂದು ಎದ್ದೆ. ಕೈ ಹಿಡಿದು ಕೂರಿಸಿದರು.

"ಬೇಡ. ನಿನಗೆ ಅಪ್ಪ ಗೊತ್ತಿಲ್ಲ. ಒಂದು ಸಲ ನಿನ್ನ ಮೇಲೆ ಬಿತ್ತು ಅಂದ್ರೆ ಇಪ್ಪತ್ತು ವರ್ಷ ಆದರೂ ಇಳಿಯಲ್ಲ. ಸುಮ್ಮನಿರು. ದೊಡ್ಡತ್ತೆಗೆ ಕಣ್ಣು ಮಂಜಾಗಿತ್ತು, ಗುರುತಿತ್ತೋ ಇಲ್ವೋ ಅವರಿಗೇ ಸರಿಯಾಗಿ ಗೊತ್ತಿರಲ್ಲ. ಅವರ ಕೈಲಿ ಏನೋ ಎಡವಟ್ಟಾಯ್ತು ಅಂತ ಆಗುತ್ತೆ. ಹೇಗೂ ಈ ವರ್ಷ ಕೆಲಸ ಬಿಡಬೇಕು ಅಂತಿದ್ದಾರಲ್ಲ. ಆಮೇಲೆ ನಾನು ಇನ್ನೊಂದು ಬಾಟಲಿ ತರಿಸ್ತೀನಿ."

ನನ್ನ ಮೇಲೆ ಎಷ್ಟು ಪ್ರೀತಿ ಇವರಿಗೆ. ನನ್ನ ಹೆಸರು ಕೆಡಬಾರದೆಂದು ತಮ್ಮ ಖರೀದಿಯನ್ನೇ ಬಿಟ್ಟುಕೊಡಲು ಸಿದ್ಧರಾಗಿದ್ದಾರೆ. ಇನ್ನು ಯಾರ ಗಂಡ ಹೀಗೆ ಮಾಡುತ್ತಾನೆ? ಸಮಾಧಾನವಾಗಬೇಕಿತ್ತು. ಆಗಿದೆ.

ರಾತ್ರಿ ಊಟ ಸೇರಲಿಲ್ಲ. ಬಿಸಿಲಿಗಿರಬೇಕು.

ಮಾರ್ಚ್ ೧೧, ಮಂಗಳವಾರ

ದೊಡ್ಡತ್ತೆ ಬಂದರು. ಒಂದು ಕಣ್ಣಿಗೆ ಪ್ಲಾಸ್ಟಿಕ್ ಚಿಪ್ಪು, ಮೇಲೆ ಪಟ್ಟಿ. ಕಡಲ್ಗಳ್ಳಿಯ ಹಾಗೆ ಕಾಣ್ತೀನಲ್ಲ ಎಂದು ಅವರೇ ನಕ್ಕರು. ಕಾಫಿ ಕುಡಿಯುತ್ತಿರುವಾಗ ಮಾವ ಗುರುವಾರದ ಕಥೆಯನ್ನೆಲ್ಲ ಹೇಳಿದರು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ, ಒಳಗೂ ಅಲ್ಲ ಹೊರಗೂ ಅಲ್ಲ.

ಗುರುತಿತ್ತಲ್ಲೋ ಎಂದರು ದೊಡ್ಡತ್ತೆ. ತಾನೇ ಕೈಯಾರೆ ಗುರುತು ಮೇಲೆ ಮಾಡಿ ಮಲಗಿಸಿದ್ದೇನೆ ಎಂದರು. ಮಾವ ಖಾಲಿ ಬಾಟಲಿಗಳನ್ನು ತಂದು ಮುಂದಿಟ್ಟರು. ದೊಡ್ಡತ್ತೆ ಒಂದನ್ನು ಮುಖದ ಹತ್ತಿರ ಹಿಡಿದು, ಒಂದೇ ಕಣ್ಣಿನಿಂದ ಸುತ್ತ ನೋಡಿದರು. ಬೆರಳಿನಿಂದ ಸವರಿದರು. ಇನ್ನೊಂದನ್ನೂ ಹಾಗೇ. ಆಮೇಲೆ ಅವರ ದನಿ ಬೇರೆಯಾಯಿತು.

"ಇತ್ತು ಅಂತಲೇ ನೆನಪು. ಬೇರೆ ಯಾವುದರದ್ದೋ ನೋಡಿದ್ನೋ ಏನೋ. ಈ ಕಣ್ಣನ್ನ ಏನಂತ ನಂಬೋದು."

ಮಾವ ಅಕ್ಕನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು, ಅಷ್ಟೇ. ಡ್ರಾಯರಿನಿಂದ ಗೊಂಚಲು ತೆಗೆದು ಕೊಡಲಿಲ್ಲ. ದೊಡ್ಡತ್ತೆ ಕೇಳಲೂ ಇಲ್ಲ. ಸೊಂಟದಲ್ಲಿ ಗೊಂಚಲು ಸಿಕ್ಕಿಸುವ ಜಾಗವನ್ನು ಒಮ್ಮೆ ಮುಟ್ಟಿಕೊಂಡು ಮಲಗಲು ಹೋದರು.

ರಾಯರು ನನ್ನನ್ನು ನೋಡಿ ಮೆಲ್ಲಗೆ ತಲೆ ಆಡಿಸಿದರು. ಸರಿಹೋಯ್ತಲ್ಲ ಎನ್ನುವ ಹಾಗೆ.

ಮಾರ್ಚ್ ೧೨, ಬುಧವಾರ

ಅಂಚೆಯವನು ಹತ್ತೂವರೆಗೆ ಬರುತ್ತಾನೆ. ಹತ್ತು ಗಂಟೆಗೆ ಮಾವ ಪತ್ರಗಳಿಗೆ ಸಹಿ ಹಾಕುತ್ತಾರೆ, ನಾನು ಮಡಚಿ ಲಕೋಟೆಗೆ ಹಾಕುತ್ತೇನೆ. ದೊಡ್ಡತ್ತೆ ಎದುರು ಕುರ್ಚಿಯಲ್ಲಿ ಕೂತಿದ್ದರು. ಅವರು ಮಾತು ಶುರು ಮಾಡಿದರು: ಇನ್ನು ಮೇಲೆ ಕೆಳಗಿನ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡು, ಬೆಲೆ ಬಾಳುವ ಮಾಲು, ನನ್ನ ಕೈಲಿ ಹಾಳಾಗುವುದು ಬೇಡ. ತಮ್ಮನ ಮುಖ ನೋಡದೆ, ಪೇಪರ್‌ವೇಟನ್ನು ತಿರುಗಿಸುತ್ತಾ ಹೇಳುತ್ತಿದ್ದರು.

ನನ್ನ ಕೈಯಲ್ಲಿ ಆ ಪತ್ರ ಇತ್ತು. ಮಾವನ ಸಹಿಯ ಶಾಯಿ ಇನ್ನೂ ಒದ್ದೆ.

"ಗುರುತಿತ್ತು ದೊಡ್ಡತ್ತೆ," ಎಂದೆ. "ಮೂರಕ್ಕೂ ಇತ್ತು. ನಾನು ಉಜ್ಜಿ ತೆಗೆದೆ. ಕೊಳೆ ಅಂದ್ಕೊಂಡೆ."

ಎಷ್ಟು ಜೋರಾಗಿ ಹೇಳಿದೆನೋ, ಅಂಗಡಿಯಲ್ಲಿದ್ದ ರಾಯರು ಬಾಗಿಲಿಗೆ ಬಂದರು. ದೊಡ್ಡತ್ತೆ ಒಂದು ಕಣ್ಣಿನಿಂದ ನನ್ನನ್ನು ನೋಡುತ್ತಾ ಇದ್ದರು.

"ಏನು ಹಾಕಿ ಉಜ್ಜಿದೆ?"

"ವಿನಿಗರ್."

"ವಿನಿಗರಿಗೆ ಹೋಯ್ತಾ?"

"ಪೂರ್ತಿ ಹೋಗಲಿಲ್ಲ. ಉಗುರಲ್ಲಿ ಕೆರೆದೆ."

"ಹೂಂ. ನಮ್ಮಮ್ಮನ ಸುಣ್ಣ ಅದಕ್ಕಿಂತ ಗಟ್ಟಿ ಇರ್ತಿತ್ತು," ಎಂದು ದೊಡ್ಡತ್ತೆ ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಕೈಯಿಂದ ಜಾರಿದ ಲೋಟ ಒಡೆಯದೆ ಉಳಿದಾಗ ಬರುತ್ತದಲ್ಲ, ಅದು. ಆಮೇಲೆ ಬಾಗಿಲಿನ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತೇನೋ?"

ಗೊತ್ತಿತ್ತು ಎಂದು ಹೇಳಿದರು ರಾಯರು, ಬಹಳ ಮೆಲ್ಲಗೆ. ನಾನು ನೆಲ ನೋಡುತ್ತಿದ್ದೆ. ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಮಾವ ಕೈ ಚಾಚಿದರು. ಪತ್ರ ಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು, ಹರಿಯಲಿಲ್ಲ. ಡ್ರಾಯರ್ ಎಳೆದು ಗೊಂಚಲು ತೆಗೆದು ಅಕ್ಕನ ಮುಂದಿಟ್ಟರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ದೊಡ್ಡತ್ತೆ ಏಳುತ್ತಾ, ಮೂರನೇ ಬಾಟಲಿ ಉಳಿದಿದೆಯಲ್ಲ, ಅದನ್ನು ಯಾರೂ ಮುಟ್ಟಬಾರದು, ಹದಿನೈದು ದಿನ ಬೇಕು ಎಂದರು. ನಂತರ ನನಗೆ: "ನೀನು ಬಾ. ಕೆಡಿಸಿದವಳಿಗೆ ಸರಿಮಾಡೋದೂ ಗೊತ್ತಿರಬೇಕು."

ಮಾರ್ಚ್ ೧೩, ಗುರುವಾರ

ಅವನು, ನನ್ನ ಗಂಡ, ಮಾತಾಡುತ್ತಿಲ್ಲ. ನಾನೂ.

ಮಾರ್ಚ್ ೧೯, ಬುಧವಾರ

ಟಾರ್ಚನ್ನು ಬಾಟಲಿಯ ಹಿಂದೆ ಹಿಡಿದರೆ ಕಪ್ಪು ಗಾಜಿನೊಳಗೆ ಮಡ್ಡಿ ಎಲ್ಲಿ ಕೂತಿದೆಯೆಂದು ತಿಳಿಯುತ್ತದೆ. ನೆರಳಿನ ಹಾಗೆ ಕಾಣುತ್ತದೆ. ನಾನು ಬುಡಮೇಲು ಮಾಡಿದ್ದರಿಂದ ಅದು ಒಡೆದು ಅಲ್ಲಲ್ಲಿ ತೇಲುತ್ತಿತ್ತು. ಈಗ ನಿಧಾನ ಇಳಿಯುತ್ತಿದೆ. ದಿನಕ್ಕೆ ಒಂದು ಸಲ ನೋಡಿ ಬರುತ್ತೇವೆ, ಮುಟ್ಟುವುದಿಲ್ಲ.

ದೊಡ್ಡತ್ತೆ ದಿನಾ ಎರಡು ತೊಟ್ಟು ಯಾವುದಾದರೊಂದು ವೈನ್ ಕೊಡುತ್ತಾರೆ. ಅದ್ಭುತ ಎಂದರೆ ಲೋಟ ಕಿತ್ತುಕೊಳ್ಳುತ್ತಾರೆ. ಅದ್ಭುತ ಅನ್ನೋದು ನಿನ್ನ ಸಮಾಚಾರ, ವೈನಿನ ಸಮಾಚಾರ ಹೇಳು ಎನ್ನುತ್ತಾರೆ. ಒಗರು ನಾಲಿಗೆಯ ಯಾವ ಕಡೆ ಹಿಡಿಯಿತು? ಘಾಟು ಗಂಟಲಲ್ಲೋ ಮೂಗಲ್ಲೋ? ನುಂಗಿದ ಮೇಲೆ ರುಚಿ ಎಷ್ಟು ಎಣಿಕೆಯವರೆಗೆ ಉಳಿಯಿತು? ಇದು ಈ ಮನೆಯ ಲೆಕ್ಕ: ನುಂಗಿದ ಕೂಡಲೇ ಬೆರಳಿನಿಂದ ಮೇಜು ತಟ್ಟುತ್ತಾ ಎಣಿಸಬೇಕು, ರುಚಿ ಆರಿದಾಗ ನಿಲ್ಲಿಸಬೇಕು. ಬೆಲೆ ಅರ್ಧ ಎಂದು ಯಾರಾದರೂ ಹೇಳಿದರೆ ಎಣಿಕೆಯೂ ಅರ್ಧವೇ ಎಂದು ಮೊದಲು ನೋಡು ಎಂದರು.

ಇವತ್ತು ಒಂದಕ್ಕೆ ಹದಿನಾಲ್ಕು ಎಂದೆ. ದೊಡ್ಡತ್ತೆ ಹದಿನಾಲ್ಕೇ ಎಂದರು. ಮೆಚ್ಚುಗೆಯೇನಲ್ಲ, ಸುಮ್ಮನೆ ಹೇಳಿದ್ದು.

ಅವನು ಇವತ್ತು ಉಪ್ಪು ಕೊಡು ಎಂದ. ಆರು ದಿನದಲ್ಲಿ ಇದು ನಾಲ್ಕನೇ ವಾಕ್ಯ. ಅಮ್ಮ ಫೋನಿನಲ್ಲಿ ಇವತ್ತಿಗೆ ಎಷ್ಟು ದಿನವಾಯಿತು ಎಂದಳು. ತಕ್ಷಣ ಹೇಳಲಾಗಲಿಲ್ಲ.

ಮಾರ್ಚ್ ೨೪, ಸೋಮವಾರ

ಮೆಟ್ಟಿಲಿನ ಮೇಲೆ ಎದುರಾದ. ದಾರಿ ಬಿಡದೆ ನಿಂತ.

"ನಾನು ದೊಡ್ಡತ್ತೆ ಮೇಲೆ ಹಾಕು ಅಂದೆನಲ್ಲ. ಅದನ್ನ ನೆನೆಸ್ಕೊಂಡ್ರೆ ಊಟ ಇಳಿಯಲ್ಲ ನನಗೆ. ನನ್ನನ್ನ ಬೆನ್ನ ಮೇಲೆ ಹೊತ್ತು ಬೆಳೆಸಿದ್ದಾರೆ ಅವರು."

ಗೊತ್ತು ಎಂದೆ. ನಿನ್ನ ಮೇಲೆ ಸಿಟ್ಟಲ್ಲ ಎಂದ. ಅದೂ ಗೊತ್ತು ಎಂದೆ. ಶುಕ್ರವಾರ ಮೂರನೇ ಬಾಟಲಿ ತೆಗೆದಾಗ ನನ್ನ ಕಡೆ ಇರ್ತೀಯಲ್ಲ ಎಂದು ಕೇಳಿದ. ಅಂಗಡಿಯ ಗಂಟೆ ಬಡಿಯಿತು, ಹೋಗಬೇಕಾಯಿತು.

ಉತ್ತರ ಏನು ಹೇಳುತ್ತಿದ್ದೆ ಎಂದು ಈಗ ಯೋಚಿಸುತ್ತಿದ್ದೇನೆ.

ಮಾರ್ಚ್ ೨೮, ಶುಕ್ರವಾರ

ಬೆಳಗ್ಗೆ ಹನ್ನೊಂದು. ಬಾಯಿ ಶುದ್ಧವಾಗಿರಲೆಂದು ಯಾರೂ ಕಾಫಿ ಕುಡಿದಿರಲಿಲ್ಲ, ಅದಕ್ಕೇ ಎಲ್ಲರ ಮುಖವೂ ಗಂಟು. ದೊಡ್ಡತ್ತೆ ಮೂರನೇ ಬಾಟಲಿಯನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿಕೊಂಡೇ ಮೇಲೆ ತಂದರು, ಮಗುವಿಗೆ ಎಚ್ಚರವಾಗದ ಹಾಗೆ. ಬಗ್ಗಿಸುವಾಗ ಕತ್ತಿನ ಕೆಳಗೆ ದೀಪ ಹಿಡಿಯುವ ಕೆಲಸ ನನ್ನದು. ಕೊನೆಯಲ್ಲಿ ಕಪ್ಪು ಎಳೆಯೊಂದು ಕತ್ತಿನ ಹತ್ತಿರ ಬಂತು. ಸಾಕು ಎಂದೆ. ಅವರು ಅಷ್ಟರಲ್ಲೇ ನಿಲ್ಲಿಸಿದ್ದರು.

ಆಮೇಲೆ ನನ್ನನ್ನು ಹೊರಗೆ ಕಳಿಸಿ ಲೋಟಗಳನ್ನು ತಮಗೆ ಬೇಕಾದ ಹಾಗೆ ಜೋಡಿಸಿದರು. ಈ ಸಲ ನಾಲ್ಕು, ಮೇಜಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದರಿಂದ ನಾಲ್ಕು. ಮೊದಲ ಎರಡು, ಬಾಟಲಿಯಲ್ಲಿ ಹಳತಾದ ಪೋರ್ಟ್: ದೊಡ್ಡ ಮನೆತನದ್ದೊಂದು, ಪುಟ್ಟ ತೋಟದ್ದೊಂದು. ಕೊನೆಯ ಎರಡು ಟಾನಿ, ಅಂದರೆ ಹತ್ತು ವರ್ಷ ಪೀಪಾಯಿಯಲ್ಲೇ ಹಳತಾಗಿ, ಮಡ್ಡಿಯಿಲ್ಲದೆ ತಿಳಿಯಾಗಿ ಬಂದದ್ದು. ಅದೂ ಎರಡು ಕಡೆಯದು. ಟಾನಿಯನ್ನೂ ಸೇರಿಸಬೇಕೆಂದು ಹಟ ಹಿಡಿದದ್ದು ದೊಡ್ಡತ್ತೆ. ಅವನಿಗೆ ಅದು ಬೇಕಿರಲಿಲ್ಲ. ಟಾನಿ ಯಾರು ಬೇಕಾದರೂ ಮಾಡುತ್ತಾರೆ, ತೋಟದ ಯೋಗ್ಯತೆ ಗೊತ್ತಾಗುವುದು ಹಳೆಯ ಬಾಟಲಿಯಲ್ಲಿ ಎಂದ.

ನಾಲ್ಕೂ ತಿಳಿಯಾಗಿದ್ದವು. ಒಂದು ಮತ್ತು ಎರಡು ಪಕ್ಕಪಕ್ಕದಲ್ಲಿ ಅಕ್ಕತಂಗಿಯರಂತಿದ್ದವು. ಎರಡನೆಯದನ್ನು ಮೂಸಿದಾಗ ಅವನು ಕಣ್ಣು ಮುಚ್ಚಿದ್ದು ಗೊತ್ತಾಯಿತು. ನಾನು ಮುಖ ನೋಡಲಿಲ್ಲ. ಕಿಟಕಿ ನೋಡುತ್ತಾ ಕುಡಿದೆ, ಎಣಿಸಿದೆ. ಎಲ್ಲವನ್ನೂ ಇನ್ನೊಂದು ಸುತ್ತು ಕುಡಿದು ಇನ್ನೊಮ್ಮೆ ಎಣಿಸಿದೆ, ನನ್ನ ಎಣಿಕೆ ತಪ್ಪಿರಲಿ ಎಂದು. ತಪ್ಪಿರಲಿಲ್ಲ.

"ಹೂಂ, ಕಿರಿಯರು," ಎಂದರು ಮಾವ. ಆ ಬುಧವಾರದ ನಂತರ ಅವರು ನನಗೆ ಹೇಳಿದ ಮೊದಲ ಮಾತು.

ನಾನು ಹೇಳಿದ್ದನ್ನು ನೆನಪಿದ್ದಷ್ಟು ಬರೆದಿಡುತ್ತೇನೆ.

"ಒಂದನೇದರಲ್ಲಿ ಒಗರು ಇದೆ, ಆದರೆ ಸಿಹಿ ಅದನ್ನ ಹಿಡ್ಕೊಂಡಿದೆ. ಇಪ್ಪತ್ತೆರಡು ಎಣಿಸಿದೆ. ಎರಡನೇದರ ಘಮ ಒಂದಕ್ಕಿಂತ ಹೆಚ್ಚು. ಬಾಯಿಗಿಟ್ಟಾಗ ಇದೇ ಗೆಲ್ಲುತ್ತೆ ಅನ್ನಿಸ್ತು. ಆದರೆ ಒಂಬತ್ತಕ್ಕೆ ನಿಂತುಹೋಯ್ತು, ಆಮೇಲೆ ಬರೀ ಘಾಟು. ಇದರ ಬೆಲೆ ಅರ್ಧ ಇದ್ದರೂ ಇದು ಅಗ್ಗ ಅಲ್ಲ ಮಾವ."

ಪಕ್ಕದಲ್ಲಿ ಕುರ್ಚಿ ಕಿರ್ರೆಂದಿತು. ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಮುಂದುವರಿಸಿದೆ.

"ಮೂರು, ನಾಲ್ಕು ಎರಡರಲ್ಲೂ ಬಾದಾಮಿ ಹುರಿದ ವಾಸನೆ, ಕಂದು ಸಕ್ಕರೆ. ಮೂರಕ್ಕೆ ಇಪ್ಪತ್ತು, ನಾಲ್ಕಕ್ಕೆ ಹತ್ತೊಂಬತ್ತು. ಯಾವುದು ಯಾರದು ನನಗೆ ನಿಜವಾಗಲೂ ಗೊತ್ತಾಗ್ಲಿಲ್ಲ. ಇವುಗಳಲ್ಲಿ ಒಂದು ಅರ್ಧ ಬೆಲೆಗೆ ಸಿಗೋದಾದ್ರೆ ಕಣ್ಣು ಮುಚ್ಚಿ ತಗೋಬಹುದು."

ಆಮೇಲೆ ಅವನ ಸರದಿ. ಎರಡನೇ ಲೋಟವೇ ಈ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ವೈನು ಎಂದ. ಘಮದ ಬಗ್ಗೆ ಚೆನ್ನಾಗಿ ಮಾತಾಡಿದ, ಎಣಿಕೆಯ ಬಗ್ಗೆ ಮಾತಾಡಲಿಲ್ಲ. ಮೂರು, ನಾಲ್ಕರ ಬಗ್ಗೆ ಸರಿ ಇದೆ ಎಂದನಷ್ಟೆ. ಮಾವ ಎರಡಕ್ಕೆ ಹತ್ತು ಎಂದರು. ಎಲ್ಲರಿಗಿಂತ ಹಿರಿಯರಾದ ದೊಡ್ಡತ್ತೆ ಕೊನೆಗೆ ಮಾತಾಡಬೇಕು. ಅವರು ಒಂಬತ್ತು ಎಂದು ಹೇಳಿ, ನಾಲ್ಕನೇ ಲೋಟದಲ್ಲಿ ಉಳಿದಿದ್ದನ್ನು ಬೋಗುಣಿಗೆ ಉಗುಳದೆ ನುಂಗಿದರು.

ಕಾಗದದ ಮೂಲೆ ಎತ್ತಿ ತೋರಿಸಿದರು. ಎರಡು, ಪುಟ್ಟ ತೋಟ. ನಾಲ್ಕು, ಪುಟ್ಟ ತೋಟ.

ಮಾವ ಮಗನ ಕಡೆ ತಿರುಗಿದರು. "ತೋಟ ಸರಿಯಾಗಿ ಹುಡುಕಿದೀಯ. ಬಾಟಲಿ ತಪ್ಪು," ಎಂದರು. ಟಾನಿ ಇಪ್ಪತ್ತು ಪೆಟ್ಟಿಗೆ ತರಿಸು, ಖರೀದಿ ನಿನಗೇ ಇರಲಿ, ಮೇ ತಿಂಗಳಲ್ಲಿ ತೋಟಗಳಿಗೆ ನನ್ನ ಬದಲು ನೀನು ಹೋಗಿ ಬಾ, ಇವಳನ್ನೂ ಕರ್ಕೊಂಡು ಹೋಗು ಎಂದರು. ಆಮೇಲೆ ಜೇಬಿನಿಂದ ನಾಲ್ಕಾಗಿ ಮಡಚಿದ್ದ ಕಾಗದ ತೆಗೆದು ನನ್ನ ಮುಂದೆ ಇಟ್ಟು, ಇದನ್ನ ಬೇರೆ ಥರ ಬರೆಯಬೇಕಾಗುತ್ತಲ್ಲ ಎಂದು ಮೀಸೆ ಮುಟ್ಟಿಕೊಂಡರು.

ಬರೆದೆ. ಹಳೆಯ ಬಾಟಲಿಯ ಬಗ್ಗೆ ಇದ್ದದ್ದನ್ನೇ ಬರೆದೆ, ಘಮ ಹೆಚ್ಚು, ಬಾಯಲ್ಲಿ ಉಳಿಯುವುದು ಕಡಿಮೆ ಎಂದು. ಗುರುತುಗಳು ಸರಿಯಾಗಿದ್ದವು, ಅವು ಅಳಿಸಿಹೋದದ್ದು ನನ್ನ ತಪ್ಪಿನಿಂದ ಎಂದೂ ಬರೆದೆ. ಮಾವ ಓದಿ ಸಹಿ ಹಾಕಿದರು.

ಗೆದ್ದದ್ದಕ್ಕೆ ಅವನ ಮುಖದಲ್ಲಿ ಖುಷಿ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಮೇಲೆ ಬರಲಿಲ್ಲ.

ಏಪ್ರಿಲ್ ೨, ಬುಧವಾರ

ವಿಶೇಷ ಏನೂ ಇಲ್ಲ.

ದೊಡ್ಡ ಮನೆತನದಿಂದ ಹೊಸ ಪೆಟ್ಟಿಗೆಗಳು ಬಂದವು. ಅವರು ಈಗೀಗ ಗುರುತು ಹಾಕುವುದನ್ನು ಬಿಟ್ಟಿದ್ದಾರೆ, ನಾವೇ ಹಾಕಿಕೊಳ್ಳಬೇಕು. ದೊಡ್ಡತ್ತೆ ಸುಣ್ಣ ಕಲಸಿ, ಕುಂಚ ನನ್ನ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಕೂತರು. ಕಣ್ಣಿನ ಪಟ್ಟಿ ತೆಗೆದಿದ್ದಾರೆ. ಮೊದಲ ಬಾಟಲಿಗೆ ಹೆಚ್ಚಾಯಿತು, ಗೋಡೆ ಬಳಿಯೋಕೆ ಬಂದಿದೀಯಾ ಎಂದರು. ಹತ್ತನೆಯದರ ಹೊತ್ತಿಗೆ ಕೈ ಹದಕ್ಕೆ ಬಂತು. ಅವರು ಸ್ಟೂಲಿನ ಮೇಲೇ ತೂಕಡಿಸಿದರು, ಗೊಂಚಲು ಮಡಿಲಲ್ಲಿ.

ಅಷ್ಟರಲ್ಲಿ ಅವನು ಇಳಿದು ಬಂದ. ಅಂಗಡಿಯಲ್ಲಿ ಗಿರಾಕಿ ಇಲ್ಲವೆಂದ. ನಾನು ಬಳಿದ ಬಾಟಲಿಯನ್ನು ತೆಗೆದುಕೊಂಡು, ಹಲಗೆಯ ಹತ್ತಿರ ನಿಂತು, ನನ್ನನ್ನು ನೋಡಿದ. ಎಂಟು ವರ್ಷದವನಿದ್ದಾಗಿನಿಂದ ಈ ಕೆಲಸ ಮಾಡಿದವನು.

"ಯಾವ ಕಡೆ ಮೇಲೆ ಬರಬೇಕು?" ಎಂದು ಕೇಳಿದ.

"ಸುಣ್ಣದ ಕಡೆ," ಎಂದೆ.

ಮಲಗಿಸಿ, ಮುಂದಿನದಕ್ಕೆ ಕೈ ಚಾಚಿದ. ನಲವತ್ತೆಂಟು ಬಾಟಲಿ, ಊಟದ ಹೊತ್ತಿಗೆ ಮುಗಿಯಿತು.